ಎರಡು ವರ್ಷದ ಮಗುವಿಗೆ ಎಷ್ಟು ಮಾತು ಬರಬೇಕು?

ಮಕ್ಕಳ ಮೊದಲ ಮಾತುಗಳ ಬಗ್ಗೆ, ಆ ಮಾತುಗಳಿಗೂ ಮುಂದಿನ ಭಾಷಾಸಾಮರ್ಥ್ಯಕ್ಕೂ ಇರುವ ನಂಟಿನ ಬಗ್ಗೆ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಉತ್ತರಿಸಿರುವವರು ಮಕ್ಕಳ ವಾಕ್-ಶ್ರವಣ ತಜ್ಞರು. ಪತ್ರ ಬರೆದವರ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ನನ್ನ ಮಗನಿಗೆ 22 ತಿಂಗಳು. ಅಮ್ಮ, ಅಪ್ಪ, ತಾತ, ಹಾಲು, ಬೇಡ ಇಂಥ ಹದಿನೈದು ಮಾತುಗಳನ್ನಷ್ಟೇ ಆಡುತ್ತಾನೆ. ಎದುರು ಮನೆಯ ಹುಡುಗಿ ಇವನಿಗಿಂತ ಒಂದು ತಿಂಗಳು ಚಿಕ್ಕವಳು. ಅವಳು ಆಗಲೇ ‘ಅಪ್ಪ ಆಫೀಸಿಗೆ ಹೋಯ್ತು’ ಎನ್ನುತ್ತಾಳೆ. ಗಂಡುಮಕ್ಕಳಿಗೆ ಮಾತು ತಡ, ಇವನ ಅಪ್ಪನಿಗೂ ಮೂರು ವರ್ಷಕ್ಕೇ ಮಾತು ಬಂದದ್ದು ಎಂದು ಅತ್ತೆಯವರು ಹೇಳುತ್ತಾರೆ. ಇನ್ನೂ ಕಾಯಬೇಕೇ? ಮುಂದೆ ಓದಿನಲ್ಲಿ ಹಿಂದೆ ಬೀಳುತ್ತಾನೆಯೇ?
(ಒಬ್ಬ ತಾಯಿ, ಹಾಸನ)

ಉತ್ತರ: ಮೊದಲ ಪ್ರಶ್ನೆಗೆ ಉತ್ತರವನ್ನು ಈಗಲೇ ಹೇಳಿಬಿಡುತ್ತೇನೆ. ಸುಮ್ಮನೆ ಕಾಯಬೇಡಿ, ಮಗುವಿನ ಶ್ರವಣ ಪರೀಕ್ಷೆಯನ್ನು ಒಮ್ಮೆ ಮಾಡಿಸಿ. ಬಾಗಿಲು ಬಡಿದರೆ ತಿರುಗುತ್ತಾನೆ, ಕುಕ್ಕರ್ ಕೂಗಿದರೆ ಬೆಚ್ಚುತ್ತಾನೆ, ಆದ್ದರಿಂದ ಕಿವಿ ಸರಿಯಾಗಿದೆ ಎಂದು ಮನೆಯವರು ಗಟ್ಟಿಯಾಗಿ ನಂಬಿರುತ್ತಾರೆ. ಆದರೆ ಇಂಥ ದೊಡ್ಡ ಸದ್ದುಗಳು ಕೇಳಿಸುವ ಮಗುವಿಗೂ ‘ಸ’, ‘ಶ’ದಂಥ ತೆಳುವಾದ ದನಿಗಳು ತಲುಪದೆ ಇರಬಹುದು, ಪದೇ ಪದೇ ನೆಗಡಿಯಾಗಿ ಕಿವಿಯ ಒಳಗೆ ನೀರು ನಿಲ್ಲುವ ಮಕ್ಕಳಲ್ಲಿ ಕೇಳುವಿಕೆ ತಿಂಗಳುಗಟ್ಟಲೆ ಮಂಕಾಗಿಯೂ ಇರಬಹುದು. ಇದು ಮನೆಯಲ್ಲಿ ಊಹಿಸಿ ತಿಳಿಯುವ ಸಂಗತಿಯಲ್ಲ.

ಇನ್ನು ಎದುರು ಮನೆಯ ಹುಡುಗಿಯ ವಿಚಾರ. ಒಂದೇ ವಯಸ್ಸಿನ ಆರೋಗ್ಯವಂತ ಮಕ್ಕಳ ನಡುವೆ ಪದಗಳ ಎಣಿಕೆಯಲ್ಲಿ ಇರುವಷ್ಟು ಅಂತರ ಬೆಳವಣಿಗೆಯ ಬೇರೆ ವಿಷಯಗಳಲ್ಲಿ ಕಾಣುವುದು ಅಪರೂಪ. ಲ್ಯಾರಿ ಫೆನ್ಸನ್, ಎಲಿಜಬೆತ್ ಬೇಟ್ಸ್ ಮತ್ತು ಅವರ ಸಹೋದ್ಯೋಗಿಗಳು ಅಮೆರಿಕದಲ್ಲಿ ಸಾವಿರದ ಎಂಟುನೂರರಷ್ಟು ಮಕ್ಕಳ ತಂದೆತಾಯಿಗಳಿಂದ ಪದಪಟ್ಟಿ ತುಂಬಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಈ ಕ್ಷೇತ್ರದ ಅಡಿಪಾಯ. ಇಂಗ್ಲಿಷ್ ಕಲಿಯುತ್ತಿದ್ದ ಆ ಮಕ್ಕಳಲ್ಲಿ ಎರಡು ವರ್ಷದ ಹೊತ್ತಿಗೆ ನಡುಮಟ್ಟದ ಮಗು ಸುಮಾರು 300 ಪದಗಳನ್ನು ಆಡುತ್ತಿತ್ತು. ಕೆಳಗಿನ ಶೇ 10ರಷ್ಟು ಮಕ್ಕಳು 60ಕ್ಕಿಂತ ಕಡಿಮೆ, ಮೇಲಿನ ಶೇ 10ರಷ್ಟು ಮಕ್ಕಳು 500ಕ್ಕಿಂತ ಹೆಚ್ಚು ಪದಗಳನ್ನು ಆಡುತ್ತಿದ್ದರು. ಈ ಅಂಕಿಗಳನ್ನು ಕನ್ನಡದ ಮಗುವಿಗೆ ಹಾಗೆಯೇ ಹೊಂದಿಸಬಾರದು. ನಮ್ಮಲ್ಲಿ ‘ಬಂದ’ ಎಂಬ ಒಂದೇ ಪದದೊಳಗೆ ಯಾರು, ಯಾವಾಗ ಎಂಬುದೆಲ್ಲ ಸೇರಿಕೊಂಡಿರುತ್ತದೆ. ಇಂಗ್ಲಿಷ್ ಮಗು ಎರಡು ಪದ ಜೋಡಿಸಿ ಹೇಳುವುದನ್ನು ಕನ್ನಡದ ಮಗು ಕೆಲವೊಮ್ಮೆ ಒಂದರಲ್ಲೇ ಹೇಳಿ ಮುಗಿಸುತ್ತದೆ. ಆದರೂ ಎರಡು ವರ್ಷ ತುಂಬುವಾಗ 50ಕ್ಕಿಂತ ಕಡಿಮೆ ಪದಗಳಿದ್ದರೆ ಅಥವಾ ‘ಹಾಲು ಬೇಕು’, ‘ಅಜ್ಜಿ ಬಾ’ ಎನ್ನುವಂಥ ಎರಡು ಪದಗಳ ಜೋಡಣೆ ಇನ್ನೂ ಬಂದಿರದಿದ್ದರೆ ಅಂಥ ಮಗುವನ್ನು ಗಮನಿಸಿ ನೋಡಬೇಕು ಎಂಬ ಗಡಿಯನ್ನು ಅನೇಕ ದೇಶಗಳ ತಜ್ಞರು ಬಳಸುತ್ತಾರೆ. ನಿಮ್ಮ ಮಗನಿಗೆ ಆ ಗಡಿ ಮುಟ್ಟಲು ಇನ್ನೂ ಎರಡು ತಿಂಗಳಿದೆ.

ಎಣಿಸುವಾಗ ಹೆಚ್ಚಿನ ಮನೆಗಳಲ್ಲಿ ಲೆಕ್ಕ ತಪ್ಪುತ್ತದೆ, ಅದೂ ಕಡಿಮೆಯ ಕಡೆಗೆ. ಉಚ್ಚಾರ ಸರಿಯಾಗಿರಬೇಕೆಂಬ ನಿಯಮವಿಲ್ಲ. ಬಿಸ್ಕತ್ತು ಕಂಡಾಗಲೆಲ್ಲ ಮಗು ‘ತತ್ತು’ ಎನ್ನುತ್ತಿದ್ದರೆ ಅದು ಪದವೇ. ಹಸುವಿಗೆ ‘ಅಂಬಾ’ ಎಂದರೂ ಪದ, ಹೊರಗೆ ಹೋಗಲು ‘ಟಾಟಾ’ ಎಂದರೂ ಪದ. ಎಮ್ಮೆ, ಕುರಿ, ಹಸು ಎಲ್ಲದಕ್ಕೂ ‘ಅಂಬಾ’ ಎನ್ನುವ ಮಗು ತಪ್ಪು ಕಲಿತಿದೆ ಎಂದು ಭಾವಿಸಬೇಡಿ. ಕೈಯಲ್ಲಿರುವ ಒಂದು ಪದವನ್ನು ಹೋಲಿಕೆಯಿರುವ ವಸ್ತುಗಳಿಗೆಲ್ಲ ಹಿಗ್ಗಿಸಿ ಬಳಸುವುದು ಈ ವಯಸ್ಸಿನ ಸಹಜ ಜಾಣತನ. ಒಂದು ವಾರ ಅಡುಗೆಮನೆಯ ಗೋಡೆಗೆ ಹಾಳೆ ಅಂಟಿಸಿ, ಮನೆಯವರೆಲ್ಲರೂ ಕೇಳಿದ್ದನ್ನು ಕೇಳಿದಾಗಲೇ ಬರೆಯಿರಿ. ಹದಿನೈದು ಎಂದುಕೊಂಡದ್ದು ಮೂವತ್ತಾಗುವುದುಂಟು.

ಆಡುವ ಪದಗಳಿಗಿಂತ ನಾನು ಹೆಚ್ಚು ಬೆಲೆ ಕೊಡುವುದು ತಿಳಿಯುವ ಪದಗಳಿಗೆ. ಮಾತು ಬಾಯಿಗೆ ಬರುವ ಎಷ್ಟೋ ತಿಂಗಳ ಮೊದಲೇ ಅರ್ಥ ಒಳಗೆ ಕೂತಿರುತ್ತದೆ. ಎಲಿಕಾ ಬರ್ಗೆಲ್ಸನ್ ಮತ್ತು ಡೇನಿಯಲ್ ಸ್ವಿಂಗ್ಲೆ 2012ರಲ್ಲಿ ತೋರಿಸಿದಂತೆ, ಆರರಿಂದ ಒಂಬತ್ತು ತಿಂಗಳ ಕೂಸುಗಳು ತಾಯಿ ಒಂದು ತಿನಿಸಿನ ಅಥವಾ ದೇಹದ ಒಂದು ಭಾಗದ ಹೆಸರು ಹೇಳಿದಾಗ ಎದುರಿನ ಚಿತ್ರಗಳಲ್ಲಿ ಸರಿಯಾದುದರತ್ತ ಹೆಚ್ಚು ಹೊತ್ತು ನೋಡುತ್ತವೆ. ಮನೆಯಲ್ಲಿ ಇದನ್ನು ಪರೀಕ್ಷಿಸುವಾಗ ಒಂದು ಎಚ್ಚರ ಬೇಕು. ‘ಅಪ್ಪನ ಚಪ್ಪಲಿ ತಗೊಂಡು ಬಾ’ ಎನ್ನುವಾಗ ನಮಗೆ ಗೊತ್ತಿಲ್ಲದೆಯೇ ಕೈ ಬಾಗಿಲ ಕಡೆಗೆ ಚಾಚುತ್ತದೆ, ಕಣ್ಣು ಚಪ್ಪಲಿಯ ಮೇಲೆ ಬೀಳುತ್ತದೆ. ಮಗು ಮಾತನ್ನು ಬಿಟ್ಟು ಕೈಯನ್ನೂ ಕಣ್ಣನ್ನೂ ಅನುಸರಿಸಿ ಕೆಲಸ ಮಾಡಿ ಮುಗಿಸುತ್ತದೆ. ನನ್ನ ಕೊಠಡಿಯಲ್ಲಿ ತಾಯಂದಿರಿಗೆ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಮಗುವಿನ ಮುಖವನ್ನೇ ನೋಡುತ್ತಾ ‘ಚೆಂಡನ್ನು ಬ್ಯಾಗಿನಲ್ಲಿ ಇಡು’ ಎಂದು ಹೇಳಲು ಕೇಳಿಕೊಳ್ಳುತ್ತೇನೆ. ಕೆಲವು ಮಕ್ಕಳು ಚೆಂಡು ಹುಡುಕಿ, ತಾಯಿಯ ಬ್ಯಾಗಿನ ಜಿಪ್ಪು ಎಳೆದು ಒಳಗೆ ತುರುಕುತ್ತಾರೆ. ಕೆಲವರು ತಾಯಿಯ ಮುಖ ನೋಡಿ ನಕ್ಕು, ಮಡಿಲಲ್ಲಿರುವ ಆ ಕೈ ಯಾವ ಕಡೆಗೆ ಚಾಚೀತು ಎಂದು ಕಾಯುತ್ತಾರೆ. ಎರಡನೆಯ ಬಗೆಯ ಮಕ್ಕಳ ಬಗ್ಗೆ ನನಗೆ ಕಳವಳವಾಗುತ್ತದೆ.

ಮುಂದಿನ ಓದಿನ ಪ್ರಶ್ನೆಗೆ ಬರುತ್ತೇನೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೆಸ್ಲಿ ರೆಸ್ಕೊರ್ಲಾ, ತಿಳಿವಳಿಕೆ ಸರಿಯಾಗಿದ್ದು ಮಾತು ಮಾತ್ರ ತಡವಾದ ಮಕ್ಕಳ ಗುಂಪೊಂದನ್ನು ಎರಡನೇ ವಯಸ್ಸಿನಿಂದ 17 ವರ್ಷದವರೆಗೂ ಹಿಂಬಾಲಿಸಿದರು. ಆ ಮಕ್ಕಳಲ್ಲಿ ಹೆಚ್ಚಿನವರು ಶಾಲೆ ಸೇರುವ ವಯಸ್ಸಿಗೆ ಸರಾಸರಿ ಮಟ್ಟವನ್ನು ಮುಟ್ಟಿದ್ದರು. 17ನೇ ವಯಸ್ಸಿನಲ್ಲಿಯೂ ಅವರ ಭಾಷೆ ಮತ್ತು ಓದು ಸರಾಸರಿಯ ಒಳಗೇ ಇದ್ದವು; ಆದರೆ ಅಂಥದೇ ಮನೆಗಳಿಂದ ಬಂದ, ಸಕಾಲಕ್ಕೆ ಮಾತನಾಡಿದ ಓರಗೆಯವರೊಂದಿಗೆ ಹೋಲಿಸಿದಾಗ ಪದಸಂಪತ್ತು, ವ್ಯಾಕರಣ ಮತ್ತು ಕೇಳಿದ್ದನ್ನು ನೆನಪಿಡುವ ಶಕ್ತಿಯಲ್ಲಿ ಸ್ವಲ್ಪ ಹಿಂದಿದ್ದರು. ಪಶ್ಚಿಮ ಆಸ್ಟ್ರೇಲಿಯಾದ ದೊಡ್ಡ ಅಧ್ಯಯನವೊಂದರಲ್ಲಿ ಎರಡು ವರ್ಷದ ಮಕ್ಕಳಲ್ಲಿ ಸುಮಾರು ಶೇ 13ರಷ್ಟು ಮಂದಿಗೆ ಮಾತು ತಡವಾಗಿತ್ತು. ಏಳನೇ ವಯಸ್ಸಿನಲ್ಲಿ ಅವರನ್ನು ನೋಡಿದಾಗ ಐವರಲ್ಲಿ ಒಬ್ಬರಿಗೆ ಭಾಷೆಯ ತೊಡಕು ಉಳಿದಿತ್ತು, ಸಕಾಲಕ್ಕೆ ಮಾತನಾಡಿದವರಲ್ಲಿ ಆ ಪ್ರಮಾಣ ಶೇ 11ರಷ್ಟಿತ್ತು. ಇಂಗ್ಲೆಂಡಿನ 2015ರ ಒಂದು ಸಂಶೋಧನೆಯಲ್ಲಿ, ಮಕ್ಕಳ ಶಾಲಾ ವಯಸ್ಸಿನ ಪದಸಂಪತ್ತಿನ ಏರುಪೇರಿನಲ್ಲಿ ಶೇ 16ರಷ್ಟನ್ನು ಮಾತ್ರ 16ರಿಂದ 24 ತಿಂಗಳ ವಯಸ್ಸಿನ ಪದಸಂಖ್ಯೆಯಿಂದ ವಿವರಿಸಲು ಸಾಧ್ಯವಾಯಿತು. ನಂಟು ಇದೆ, ಸುಳ್ಳಲ್ಲ. ಆದರೆ ಒಂದು ಮಗುವಿನ ಹಣೆಬರಹ ಹೇಳುವಷ್ಟು ಬಲ ಅದಕ್ಕಿಲ್ಲ; 22 ತಿಂಗಳ ಪದಗಳನ್ನು ಎಣಿಸಿ ಎಸ್ಸೆಸ್ಸೆಲ್ಸಿಯ ಬಗ್ಗೆ ಚಿಂತಿಸುವುದು ಮುಂಗಾರಿನ ಮೊದಲ ಮಳೆ ಕಂಡು ಸುಗ್ಗಿಯ ರಾಶಿಯನ್ನು ಅಳೆದಂತೆ.

ನಿಮ್ಮ ಅತ್ತೆಯವರ ಮಾತಿನಲ್ಲಿ ಸತ್ಯವಿದೆ. ಆಸ್ಟ್ರೇಲಿಯಾದ ಅದೇ ಅಧ್ಯಯನದಲ್ಲಿ ಗಂಡುಮಕ್ಕಳಿಗೆ ಮಾತು ತಡವಾಗುವ ಸಂಭವ ಹೆಣ್ಣುಮಕ್ಕಳಿಗಿಂತ ಸುಮಾರು ಮೂರು ಪಟ್ಟಿತ್ತು, ಮನೆತನದಲ್ಲಿ ತಡವಾದವರಿದ್ದರೆ ಎರಡು ಪಟ್ಟು. ಆದರೆ ಕಾರಣ ಗೊತ್ತಿದೆ ಎಂದ ಮಾತ್ರಕ್ಕೆ ಕೈಕಟ್ಟಿ ಕೂರಬಹುದೆಂದಲ್ಲ. ಒಂದು ದಿನ ಮಾತಿನ ಕಟ್ಟೆಯೊಡೆದು ಹೊಳೆಯಾಗಿ ಹರಿಯುತ್ತದೆ ಎಂಬ ನಂಬಿಕೆಯನ್ನು 2004ರಲ್ಲಿ ಗ್ಯಾಂಗರ್ ಮತ್ತು ಬ್ರೆಂಟ್ 38 ಮಕ್ಕಳ ಪದವೃದ್ಧಿಯ ದಾಖಲೆ ಇಟ್ಟುಕೊಂಡು ಪರಿಶೀಲಿಸಿದಾಗ, ಅಂಥ ದಿಢೀರ್ ಏರಿಕೆ ಐದು ಮಕ್ಕಳಲ್ಲಷ್ಟೇ ಕಂಡಿತು. ಉಳಿದವರು ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಮುಂದೆ ಹೋದವರು. ನಿಮ್ಮ ಮಗ ಮಾತು ತಿಳಿಯುತ್ತಾನೆ, ಬೇಕಾದ್ದನ್ನು ಬೆರಳಿನಿಂದ ತೋರಿಸುತ್ತಾನೆ, ಕಿವಿ ಸರಿಯಾಗಿದೆ, ವಾರವಾರ ಹೊಸದೊಂದು ಪದ ಸೇರುತ್ತಿದೆ ಎಂದಾದರೆ ಮನೆಯಲ್ಲೇ ಮಾತು ಬೆಳೆಸುತ್ತಾ ಎರಡು ತಿಂಗಳ ಬಳಿಕ ತಜ್ಞರನ್ನು ಕಾಣಬಹುದು. ಇವುಗಳಲ್ಲಿ ಒಂದಾದರೂ ಇಲ್ಲವೆನಿಸಿದರೆ ಈ ವಾರವೇ ಹೋಗಿ. ಒಂದು ವೇಳೆ ಬಂದಿದ್ದ ಪದಗಳು ಕಳೆದುಹೋಗುತ್ತಿದ್ದರೆ ಒಂದು ದಿನವೂ ತಡಮಾಡಬೇಡಿ.

ಪ್ರಶ್ನೆ: ಮನೆಯಲ್ಲಿ ನಾನು ತೆಲುಗು, ನನ್ನ ಪತ್ನಿ ಕನ್ನಡ. ಎರಡೂಕಾಲು ವರ್ಷದ ಮಗಳು ಎರಡನ್ನೂ ಬೆರೆಸಿ ಆಡುತ್ತಾಳೆ. ಭಾಷೆಗಳ ಗೊಂದಲದಿಂದ ಮಾತು ತಡವಾಗುತ್ತಿದೆ, ಮನೆಯಲ್ಲಿಯೂ ಇಂಗ್ಲಿಷನ್ನೇ ಆಡಿ ಎಂದು ಪ್ಲೇಹೋಮಿನವರು ಹೇಳಿದ್ದಾರೆ. ಹಾಗೆ ಮಾಡಬೇಕೇ?
(ಒಬ್ಬ ತಂದೆ, ಬೆಂಗಳೂರು)

ಉತ್ತರ: ಮಾಡಬೇಡಿ. ಈ ಸಲಹೆಯನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ, ಪ್ರತಿಸಲವೂ ನೋವಾಗುತ್ತದೆ. ತಾಯಿ ತನಗೆ ಸಲೀಸಲ್ಲದ ಭಾಷೆಗೆ ಬದಲಾದ ದಿನದಿಂದ ಮಗುವಿನೊಂದಿಗಿನ ಅವಳ ಮಾತು ‘ಕಮ್, ಸಿಟ್, ಈಟ್’ಗಳಿಗೆ ಇಳಿದುಬಿಡುತ್ತದೆ. ಕಥೆ, ಹಾಡು, ಗದರಿಕೆ, ಮುದ್ದು ಎಲ್ಲವೂ ಬಡವಾಗುತ್ತವೆ. ಅಜ್ಜಿಯ ಜೊತೆಗಿನ ಮಾತುಕತೆ ನಿಂತೇಹೋಗುತ್ತದೆ.

ಎರಡು ಭಾಷೆ ಕೇಳಿ ಬೆಳೆಯುವುದರಿಂದ ಭಾಷಾದೋಷ ಉಂಟಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮಯಾಮಿಯಲ್ಲಿ ಸ್ಪ್ಯಾನಿಷ್-ಇಂಗ್ಲಿಷ್ ಎರಡನ್ನೂ ಕಲಿಯುತ್ತಿದ್ದ ಮಕ್ಕಳನ್ನು ಬಾರ್ಬರಾ ಪಿಯರ್ಸನ್ ಮತ್ತು ಸಂಗಡಿಗರು 1993ರಲ್ಲಿ ಅಧ್ಯಯನ ಮಾಡಿದರು. ಒಂದೊಂದು ಭಾಷೆಯನ್ನು ಬಿಡಿಯಾಗಿ ಎಣಿಸಿದಾಗ ಪದಗಳು ಕಡಿಮೆ ಎನಿಸಬಹುದಾದರೂ ಎರಡೂ ಭಾಷೆಗಳ ಪದಗಳನ್ನು ಕೂಡಿಸಿ ನೋಡಿದಾಗ ಅವರು ಒಂದೇ ಭಾಷೆಯ ಮಕ್ಕಳಿಗಿಂತ ಹಿಂದಿರಲಿಲ್ಲ. ನಿಮ್ಮ ಮಗಳು ಅಮ್ಮನ ಹತ್ತಿರ ‘ಹಾಲು’, ನಿಮ್ಮ ಹತ್ತಿರ ‘ಪಾಲು’ ಎಂದರೆ ಅದು ಎರಡು ಪದ. ಕನ್ನಡದಲ್ಲಿ 35, ತೆಲುಗಿನಲ್ಲಿ 30 ಪದ ಆಡುವ ಮಗುವನ್ನು ಪ್ಲೇಹೋಮಿನಲ್ಲಿ ಇಂಗ್ಲಿಷಿನ ಹತ್ತು ಪದಗಳಿಂದ ಅಳೆಯುವುದು ಅನ್ಯಾಯ. ‘ಅಮ್ಮ, ನೀಳ್ಳು ಕೊಡು’ ಎನ್ನುವ ಬೆರಕೆಯೂ ಗೊಂದಲವಲ್ಲ. ಬೆಂಗಳೂರಿನಲ್ಲಿ ದೊಡ್ಡವರೆಲ್ಲರೂ ಹಾಗೆಯೇ ಮಾತನಾಡುತ್ತೇವೆ.

ಮಗಳ ಮಾತು ಎರಡೂ ಭಾಷೆಗಳಲ್ಲಿ ಸೇರಿ ಕಡಿಮೆ ಎನಿಸಿದರೆ ಮಾತ್ರ ಆ ತಡಕ್ಕೆ ಬೇರೆ ಕಾರಣ ಹುಡುಕಬೇಕು. ನಿಜವಾದ ಭಾಷಾತೊಡಕಿದ್ದರೆ ಅದು ಒಂದೇ ಭಾಷೆಯಲ್ಲಿ ಅಡಗಿ ಕೂರುವುದಿಲ್ಲ.

ಪ್ರಶ್ನೆ: ಮೊಮ್ಮಗುವಿಗೆ 11 ತಿಂಗಳು. ನಾನು ‘ಬೂವ ತಿನ್ನು’, ‘ತಾಚಿ ಮಾಡು’, ‘ಟಾಟಾ ಹೋಗೋಣ’ ಎಂದು ಮಾತನಾಡಿಸುತ್ತೇನೆ. ಹೀಗೆ ಮಾತನಾಡಿಸಿದರೆ ಮಗು ಸರಿಯಾದ ಭಾಷೆ ಕಲಿಯುವುದಿಲ್ಲ ಎಂದು ಸೊಸೆ ಬೇಸರಪಡುತ್ತಾಳೆ. ನಾಲಿಗೆಗೆ ಬಜೆ ತೇಯ್ದು ಹಚ್ಚಲೂ ಬಿಡುವುದಿಲ್ಲ. ತಾವು ಏನು ಹೇಳುತ್ತೀರಿ?
(ಒಬ್ಬ ಅಜ್ಜಿ, ದಾವಣಗೆರೆ)

ಉತ್ತರ: ಮೊದಲನೆಯದರಲ್ಲಿ ನಿಮ್ಮ ಪರ, ಎರಡನೆಯದರಲ್ಲಿ ನಿಮ್ಮ ಸೊಸೆಯ ಪರ.

ಕೂಸಿನ ಜೊತೆ ನಾವು ದನಿಯನ್ನು ಏರಿಸಿ, ನಿಧಾನವಾಗಿ, ರಾಗವೆಳೆದು, ಹೇಳಿದ್ದನ್ನೇ ಹೇಳುತ್ತಾ ಮಾತನಾಡುತ್ತೇವೆ. ಇದು ಬರೀ ಮುದ್ದಲ್ಲ. ಮಗುವಿನ ಕಿವಿಗೆ ಮಾತು ಒಂದೇ ಸಮನೆ ಹರಿಯುವ ಸದ್ದು. ಅದರಲ್ಲಿ ಎಲ್ಲಿ ಒಂದು ಪದ ಮುಗಿದು ಇನ್ನೊಂದು ಮೊದಲಾಯಿತು ಎಂದು ಕಂಡುಹಿಡಿಯುವುದು ಅದರ ಮೊದಲ ಕಷ್ಟ, ಮತ್ತು ಈ ಎಳೆದ ರಾಗ ಆ ಕಷ್ಟವನ್ನು ಹಗುರ ಮಾಡುತ್ತದೆ. ಎಡಿನ್‌ಬರೋ ವಿಶ್ವವಿದ್ಯಾಲಯದ ಮಿತ್ಸುಹಿಕೊ ಓಟಾ ಮತ್ತು ಸಂಗಡಿಗರು 47 ಮಕ್ಕಳನ್ನು ಗಮನಿಸಿ 2018ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಉಚ್ಚಾರ ಎರಡೆರಡು ಸಲ ಮರುಕಳಿಸುವ ಮುದ್ದುಪದಗಳನ್ನು ಹೆಚ್ಚು ಕೇಳಿದ ಮಕ್ಕಳ ಪದಸಂಪತ್ತು 9ರಿಂದ 21 ತಿಂಗಳ ನಡುವೆ ಬೇಗ ಬೆಳೆದಿತ್ತು. ಪ್ರಾಣಿಗಳ ಕೂಗಿನಂಥ, ಸದ್ದನ್ನು ಅನುಕರಿಸುವ ಪದಗಳಿಗೆ ಮಾತ್ರ ಆ ಪರಿಣಾಮ ಕಾಣಲಿಲ್ಲ. ಅವು ಇಂಗ್ಲಿಷ್ ಮನೆಗಳ ಮಕ್ಕಳು. ಆದರೆ ‘ಟಾಟಾ’, ‘ಜೋಜೋ’, ‘ಮಮ್ಮು’ಗಳ ಗುಣವೂ ಅದೇ ಜಾತಿಯದು. ನಿಮ್ಮ ಸೊಸೆಗೂ ಸಮಾಧಾನವಾಗುವಂತೆ ಒಂದು ಕೆಲಸ ಮಾಡಿ: ‘ಬೂವ ತಿನ್ನೋಣ ಬಾ, ಬಿಸಿ ಅನ್ನ ಇದೆ, ತುಪ್ಪ ಹಾಕಿದೀನಿ’ ಎಂದು ಮುದ್ದುಪದದ ಬೆನ್ನಿಗೇ ಊರ ಮಾತನ್ನೂ ಪೂರ್ಣ ವಾಕ್ಯದಲ್ಲಿ ಆಡಿ. ಮಗು ದೊಡ್ಡದಾದಂತೆ ‘ಬೂವ’ ತಾನಾಗಿಯೇ ಬಿಟ್ಟುಹೋಗುತ್ತದೆ.

ಬಜೆ ಬೇಡ. ಆರು ತಿಂಗಳವರೆಗೆ ತಾಯಿಯ ಹಾಲಿನ ಹೊರತು ಏನನ್ನೂ ಕೊಡಬಾರದೆಂಬುದು ಎಲ್ಲ ಮಕ್ಕಳ ವೈದ್ಯರ ಮಾತು. ಆಮೇಲೆಯೂ, ಬಜೆಯಲ್ಲಿರುವ ಬೀಟಾ-ಅಸರೋನ್ ಎಂಬ ರಾಸಾಯನಿಕ ಪ್ರಾಣಿಗಳಲ್ಲಿ ಹಾನಿ ಮಾಡಿದ್ದು ಕಂಡು ಅಮೆರಿಕದಲ್ಲಿ 1968ರಲ್ಲೇ ಅದನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಲಾಗಿದೆ. ನಾಲಿಗೆ ಚುರುಕಾದರೆ ಮಾತು ಬರುತ್ತದೆಂಬ ಎಣಿಕೆಯೇ ಸರಿಯಲ್ಲ. ಮಾತು ಹುಟ್ಟುವುದು ಕಿವಿ ಕೇಳಿಸಿಕೊಂಡದ್ದನ್ನು ಮಿದುಳು ಅರ್ಥಮಾಡಿಕೊಳ್ಳುವುದರಿಂದ.

ಪ್ರಶ್ನೆ: ಎರಡೂವರೆ ವರ್ಷದ ಮಗ ಮೊಬೈಲ್ ನೋಡಿ ಎ-ಬಿ-ಸಿ, ಬಣ್ಣಗಳ ಹೆಸರು, ನಾಲ್ಕು ಇಂಗ್ಲಿಷ್ ರೈಮ್ಸ್ ಪೂರ್ತಿ ಹೇಳುತ್ತಾನೆ. ಆದರೆ ನೀರು ಬೇಕಾದರೆ ಕೈಹಿಡಿದು ಎಳೆದುಕೊಂಡು ಹೋಗುತ್ತಾನೆ, ಕೇಳುವುದಿಲ್ಲ. ಬುದ್ಧಿವಂತನೇ, ಹಟಮಾರಿಯೇ?
(ದಂಪತಿ, ಹುಬ್ಬಳ್ಳಿ)

ಉತ್ತರ: ನಿಮ್ಮ ಪತ್ರವನ್ನು ಓದಿದ ಕೂಡಲೇ ಉತ್ತರ ಬರೆಯಬೇಕೆನಿಸಿತು, ಏಕೆಂದರೆ ಇಲ್ಲಿ ಪದಗಳ ಎಣಿಕೆ ನಮ್ಮನ್ನು ದಾರಿ ತಪ್ಪಿಸುತ್ತದೆ. ಪಟ್ಟಿ ಮಾಡಿದರೆ ನಿಮ್ಮ ಮಗನಿಗೆ ನೂರಕ್ಕೂ ಹೆಚ್ಚು ಪದಗಳಿರಬಹುದು. ಆದರೆ ಅವುಗಳಲ್ಲಿ ಎಷ್ಟನ್ನು ಇನ್ನೊಬ್ಬರಿಗೆ ಏನನ್ನಾದರೂ ಹೇಳುವುದಕ್ಕೆ ಬಳಸುತ್ತಾನೆ ಎಂಬುದೇ ಮುಖ್ಯ. ‘ರೆಡ್, ಬ್ಲೂ, ಯೆಲ್ಲೋ’ ಎಂದು ಒಪ್ಪಿಸುವ ಮಗುವಿಗಿಂತ, ಕೈಯಲ್ಲಿ ಲೋಟ ಹಿಡಿದು ‘ನೀ’ ಎಂದು ತಾಯಿಯ ಕಣ್ಣನ್ನು ನೋಡುವ ಮಗು ಭಾಷೆಯಲ್ಲಿ ಮುಂದಿದೆ.

ಮಗು ಮಾತು ಕಲಿಯುವುದು ಮನುಷ್ಯರಿಂದ. ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕುಲ್ 2003ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಸ್ಪಷ್ಟವಾಗಿ ತೋರಿಸಿತು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳ ಮುಂದೆ ಚೀನೀ ಭಾಷೆಯವರು ಕುಳಿತು, 12 ಸಲ ಆಟವಾಡುತ್ತಾ ಪುಸ್ತಕ ಓದಿದಾಗ ಆ ಕೂಸುಗಳು ಚೀನೀ ಭಾಷೆಯ ದನಿಗಳ ವ್ಯತ್ಯಾಸವನ್ನು ಗುರುತಿಸಲು ಕಲಿತವು. ಅದೇ ಜನರ ಅದೇ ಮಾತನ್ನು ಪರದೆಯ ಮೇಲೆ ನೋಡಿದ ಕೂಸುಗಳು ಏನೂ ಕಲಿಯಲಿಲ್ಲ. ಪರದೆ ಮಗುವಿನ ಕಣ್ಣನ್ನು ಹಿಂಬಾಲಿಸುವುದಿಲ್ಲ, ಮಗು ದನಿ ಹೊರಡಿಸಿದರೆ ಉತ್ತರ ಕೊಡುವುದಿಲ್ಲ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಮಾರ್ಗಸೂಚಿ ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎನ್ನುತ್ತದೆ.

ಇದಿಷ್ಟೇ ಹೇಳಿ ಮುಗಿಸಿದರೆ ನಿಮಗೆ ಅರ್ಧ ಉತ್ತರ ಕೊಟ್ಟಂತಾಗುತ್ತದೆ. ಹೆಸರು ಹಿಡಿದು ಕರೆದರೆ ತಿರುಗುತ್ತಾನೆಯೇ? ಆಕಾಶದಲ್ಲಿ ವಿಮಾನ ಹೋದರೆ ಬೆರಳು ಮಾಡಿ, ನೀವೂ ನೋಡಿದಿರೋ ಎಂದು ನಿಮ್ಮ ಮುಖ ನೋಡುತ್ತಾನೆಯೇ? ನಿಮ್ಮ ಕೈಯನ್ನು ಒಂದು ಉಪಕರಣದಂತೆ ಹಿಡಿದೆಳೆಯುವುದು, ಕೇಳಿದ್ದನ್ನು ಕೇಳಿದಂತೆಯೇ ಒಪ್ಪಿಸುವುದು, ಆದರೆ ಕೇಳಿಕೊಳ್ಳದಿರುವುದು, ಇವು ಒಟ್ಟಿಗೆ ಇದ್ದಾಗ ಆಟಿಸಂ ಇದೆಯೇ ಎಂದು ಪರೀಕ್ಷಿಸಲೇಬೇಕು. ಪತ್ರ ನೋಡಿ ಇದೆ ಎಂದೂ ಇಲ್ಲ ಎಂದೂ ಹೇಳಲಾರೆ. ಮೊಬೈಲ್ ಬಿಡಿಸಿ ಮೂರು ತಿಂಗಳು ನೋಡೋಣ ಎಂದುಕೊಳ್ಳದೆ, ಮೊಬೈಲನ್ನೂ ಬಿಡಿಸಿ, ಮಕ್ಕಳ ಬೆಳವಣಿಗೆಯ ತಜ್ಞರನ್ನೂ ಈಗಲೇ ಕಾಣಿ. ಹಟಮಾರಿ ಎಂದು ಮಾತ್ರ ಕರೆಯಬೇಡಿ.

ಪ್ರಶ್ನೆ: ಬಡವರ ಮನೆಯ ಮಕ್ಕಳು ಮೂರು ವರ್ಷದೊಳಗೆ ಮೂರು ಕೋಟಿ ಪದಗಳನ್ನು ಕಡಿಮೆ ಕೇಳುತ್ತಾರೆ, ಅದರಿಂದಲೇ ಶಾಲೆಯಲ್ಲಿ ಹಿಂದೆ ಬೀಳುತ್ತಾರೆ ಎಂದು ತರಬೇತಿಯೊಂದರಲ್ಲಿ ಹೇಳಿದರು. ನಮ್ಮ ಊರಿನ ತಾಯಂದಿರು ಬೆಳಗಿನಿಂದ ಸಂಜೆಯವರೆಗೆ ಕೂಲಿಗೆ ಹೋಗುತ್ತಾರೆ. ಅವರಿಗೆ ನಾನು ಏನು ಹೇಳಲಿ?
(ಒಬ್ಬ ಅಂಗನವಾಡಿ ಕಾರ್ಯಕರ್ತೆ, ಕೊಪ್ಪಳ ಜಿಲ್ಲೆ)

ಉತ್ತರ: ಆ ಮೂರು ಕೋಟಿಯ ಅಂಕಿ ಬಂದದ್ದು ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ ಎಂಬ ಸಂಶೋಧಕರಿಂದ. ಅಮೆರಿಕದ ಕ್ಯಾನ್ಸಸ್‌ನಲ್ಲಿ 42 ಕುಟುಂಬಗಳ ಮಾತನ್ನು ತಿಂಗಳಿಗೊಂದು ಗಂಟೆಯಂತೆ ದಾಖಲಿಸಿ, ಅದರಿಂದ ಲೆಕ್ಕ ಹಿಗ್ಗಿಸಿ 1995ರಲ್ಲಿ ಅವರು ಅದನ್ನು ಪ್ರಕಟಿಸಿದರು. ಅತ್ಯಂತ ಬಡ ಗುಂಪಿನಲ್ಲಿದ್ದ ಮನೆಗಳು ಆರು ಮಾತ್ರ. ಮುಂದೆ ಡಗ್ಲಸ್ ಸ್ಪೆರಿ ಮತ್ತು ಸಂಗಡಿಗರು ಬೇರೆ ಬೇರೆ ಸಮುದಾಯಗಳಲ್ಲಿ ನೋಡಿದಾಗ ಅಂಥ ಒಂದೇ ಬಗೆಯ ಅಂತರ ಕಾಣಲಿಲ್ಲ. ಬಡವರ ಮನೆಗಳ ನಡುವೆಯೇ ಅಪಾರ ವ್ಯತ್ಯಾಸವಿತ್ತು, ಅಜ್ಜಿ, ಅಕ್ಕ, ನೆರೆಯವರ ಮಾತನ್ನು ಸೇರಿಸಿ ಎಣಿಸಿದರೆ ಚಿತ್ರವೇ ಬದಲಾಗುತ್ತಿತ್ತು. ಆದ್ದರಿಂದ ಆ ಅಂಕಿಯನ್ನು ದಯವಿಟ್ಟು ಯಾವ ತಾಯಿಗೂ ಹೇಳಬೇಡಿ. ಬಿಸಿಲಲ್ಲಿ ಕಳೆ ಕಿತ್ತು ಬಂದವಳಿಗೆ, ನಿನ್ನಿಂದಾಗಿ ಮಗುವಿಗೆ ಮೂರು ಕೋಟಿ ನಷ್ಟ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ.

ಹೇಳಬೇಕಾದದ್ದು ಬೇರೆಯೇ ಇದೆ. ಆಡ್ರಿಯಾನಾ ವೈಸ್ಲೆಡರ್ ಮತ್ತು ಆನ್ ಫರ್ನಾಲ್ಡ್ 2013ರಲ್ಲಿ ಬಡತನದಲ್ಲಿರುವ ಸ್ಪ್ಯಾನಿಷ್ ಭಾಷೆಯ 29 ಕುಟುಂಬಗಳ ಮಕ್ಕಳಿಗೆ 19ನೇ ತಿಂಗಳಲ್ಲಿ ಧ್ವನಿಮುದ್ರಕ ತೊಡಿಸಿ ನೋಡಿದರು. ಮಗುವನ್ನೇ ಉದ್ದೇಶಿಸಿ ಆಡಿದ ಪದಗಳು ಒಂದು ಮನೆಯಲ್ಲಿ ದಿನಕ್ಕೆ ಏಳುನೂರಕ್ಕೂ ಕಡಿಮೆ, ಇನ್ನೊಂದರಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು. ಹೆಚ್ಚು ಮಾತನಾಡಿಸಿದ ಮಕ್ಕಳು ಎರಡನೇ ವರ್ಷಕ್ಕೆ ಹೆಚ್ಚು ಪದ ಆಡಿದ್ದಲ್ಲದೆ, ಕೇಳಿದ ಪದವನ್ನು ಬೇಗ ಗುರುತಿಸುತ್ತಿದ್ದರು. ದೊಡ್ಡವರು ತಮ್ಮತಮ್ಮಲ್ಲೇ ಆಡಿದ, ಮಗುವಿನ ಕಿವಿಗೆ ಬಿದ್ದ ಮಾತಿಗೆ ಅಂಥ ನಂಟು ಕಾಣಲಿಲ್ಲ. ರೇಚಲ್ ರೋಮಿಯೋ ಮತ್ತು ಸಂಗಡಿಗರು 2018ರಲ್ಲಿ ನಾಲ್ಕರಿಂದ ಆರು ವರ್ಷದ ಮಕ್ಕಳ ಮಿದುಳನ್ನು ಸ್ಕ್ಯಾನ್ ಮಾಡಿ ಕಂಡದ್ದು ಇನ್ನೂ ಹೆಚ್ಚಿನ ಭರವಸೆ ಕೊಡುತ್ತದೆ: ಕಥೆ ಕೇಳುವಾಗ ಮಾತಿನ ಕೇಂದ್ರ ಎಷ್ಟು ಚುರುಕಾಗುತ್ತದೆ ಎಂಬುದಕ್ಕೆ ನಂಟಿದ್ದದ್ದು ಕೇಳಿದ ಪದಗಳ ಮೊತ್ತಕ್ಕಿಂತ ಮಗು ಮತ್ತು ದೊಡ್ಡವರ ನಡುವೆ ಮಾತು ಎಷ್ಟು ಸಲ ಅತ್ತಿತ್ತ ಹೋಗಿ ಬಂತು ಎಂಬುದಕ್ಕೆ. ಮನೆಯ ಆದಾಯದ ಪ್ರಭಾವವನ್ನು ಕಳೆದು ನೋಡಿದರೂ ಆ ನಂಟು ಉಳಿಯಿತು.

ಹೀಗಾಗಿ ತಾಯಿ ಮನೆಗೆ ಬಂದಮೇಲೆ ಮಗುವಿಗಾಗಿ ಬೇರೆ ಹೊತ್ತು ತೆಗೆಯಬೇಕಿಲ್ಲ. ರೊಟ್ಟಿ ಬಡಿಯುತ್ತಾ ಕುಳಿತಿದ್ದಾಳೆ, ಮಗು ಮಾಡಿನ ಕಡೆ ಕೈ ತೋರಿಸಿ ‘ಕಾ’ ಎನ್ನುತ್ತದೆ. ‘ಹ್ಞೂಂ, ಕಾಗೆ! ಕಾಗೆ ಕೂತೈತಿ. ರೊಟ್ಟಿ ಬೇಕಂತ ಅದಕ್ಕ. ಕೊಡೋಣೇನು?’ ಎಂದು ಹೇಳಿ, ಐದು ಎಣಿಸುವಷ್ಟು ಹೊತ್ತು ಸುಮ್ಮನಿರಬೇಕು. ಈ ಸುಮ್ಮನಿರುವುದನ್ನು ಕಲಿಸುವುದೇ ಎಲ್ಲಕ್ಕಿಂತ ಕಷ್ಟ. ಆ ಮೌನದಲ್ಲೇ ಮಗು ತನ್ನ ಸರದಿಯನ್ನು ಹುಡುಕಿಕೊಳ್ಳುತ್ತದೆ. ಅದು ‘ಕೊಯ್’ ಎಂದರೂ ಸಾಕು, ತಲೆಯಾಡಿಸಿದರೂ ಸಾಕು, ಅದಕ್ಕೆ ಮತ್ತೆ ಉತ್ತರ ಕೊಡಬೇಕು. ಮಗು ಬೆರಳು ಮಾಡಿ ತೋರಿಸುವುದನ್ನೂ ಮಾತೆಂದೇ ಎಣಿಸಲು ತಾಯಂದಿರಿಗೆ ತಿಳಿಸಿ: ಮೆರೆಡಿತ್ ರೋ ಮತ್ತು ಸೂಸನ್ ಗೋಲ್ಡಿನ್-ಮೆಡೋ ಶಿಕಾಗೋದಲ್ಲಿ ಕಂಡಂತೆ, 14ನೇ ತಿಂಗಳಲ್ಲಿ ಸನ್ನೆಗಳಿಂದ ಹೆಚ್ಚು ಸಂಗತಿಗಳನ್ನು ತೋರಿಸುತ್ತಿದ್ದ ಮಕ್ಕಳಿಗೆ ನಾಲ್ಕೂವರೆ ವರ್ಷದಲ್ಲಿ ಹೆಚ್ಚು ಪದಗಳು ಗೊತ್ತಿದ್ದವು. ಹಗಲಲ್ಲಿ ಮಗುವನ್ನು ನೋಡಿಕೊಳ್ಳುವ ಅಜ್ಜಿಗೂ ಅಕ್ಕನಿಗೂ ಇದನ್ನೇ ಹೇಳಿಕೊಡಿ. ಮನೆಭೇಟಿಯ ಹತ್ತು ನಿಮಿಷದಲ್ಲಿ ಉಪದೇಶಕ್ಕಿಂತ ನೀವೇ ಮಗುವಿನೊಡನೆ ಒಮ್ಮೆ ಹೀಗೆ ಆಡಿ ತೋರಿಸುವುದು ಮೇಲು.

ಪ್ರಶ್ನೆ: ಮೂರು ವರ್ಷ ತುಂಬಿದ ಮಗಳು ಐದಾರು ಪದ ಮಾತ್ರ ಆಡುತ್ತಾಳೆ. ನಾಲಿಗೆ ಅಂಟಿದೆ, ಕತ್ತರಿಸಿದರೆ ಮಾತು ಬರುತ್ತದೆ ಎನ್ನುತ್ತಾರೆ. ಎಲ್ಲಿ ತೋರಿಸಬೇಕು?
(ಒಬ್ಬ ತಂದೆ, ಚಾಮರಾಜನಗರ ಜಿಲ್ಲೆ)

ಉತ್ತರ: ನಾಲಿಗೆಯ ಅಂಟಿನಿಂದ ಕೆಲವು ಅಕ್ಷರಗಳ ಉಚ್ಚಾರಕ್ಕೆ ತೊಡಕಾಗಬಹುದು; ಪದಗಳೇ ಬರದೆ ಇರುವುದಕ್ಕೆ ಅದು ಕಾರಣವಲ್ಲ. ಕತ್ತರಿಸಿ, ಮಾತು ಬಂದೀತೆಂದು ಕಾಯುತ್ತಾ ಕೂತರೆ ಅಮೂಲ್ಯವಾದ ತಿಂಗಳುಗಳು ಕೈಬಿಟ್ಟುಹೋಗುತ್ತವೆ. ಮೊದಲು ಕಿವಿ ಪರೀಕ್ಷೆಯಾಗಲಿ. ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತತೆ, ಆರು ತಿಂಗಳೊಳಗೆ ಶ್ರವಣಸಾಧನ ಮತ್ತು ತರಬೇತಿ ಎಂಬುದು ಲೋಕದೆಲ್ಲೆಡೆ ಒಪ್ಪಿಕೊಂಡಿರುವ ಗುರಿ. ನಿಮ್ಮ ಮಗಳಿಗೆ ಆ ಹೊತ್ತು ಮೀರಿದೆ ನಿಜ, ಆದರೆ ಮೂರನೇ ವರ್ಷದಲ್ಲಿ ಶುರುಮಾಡಿದರೂ ಆಗುವ ಅನುಕೂಲ ದೊಡ್ಡದು.

ನಿಮಗೆ ಹತ್ತಿರದ ಒಳ್ಳೆಯ ತಾಣ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ. 1965ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಈ ಸಂಸ್ಥೆಯಲ್ಲಿ ಶ್ರವಣ, ಮಾತು, ಬೆಳವಣಿಗೆ ಎಲ್ಲದರ ಪರೀಕ್ಷೆಯೂ ಒಂದೇ ಆವರಣದಲ್ಲಿ ಆಗುತ್ತದೆ. ಅಷ್ಟು ದೂರ ಹೋಗಲಾಗದವರು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ನಡೆಸುವ, ಮಕ್ಕಳ ಬೆಳವಣಿಗೆಯ ತೊಡಕುಗಳನ್ನು ಬೇಗ ಗುರುತಿಸಿ ನೆರವಾಗುವ ಡಿಇಐಸಿ ಕೇಂದ್ರದ ಬಗ್ಗೆ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿಯಲ್ಲೋ ವಿಚಾರಿಸಬಹುದು. ಹೋಗುವಾಗ ತಾಯಿ ಕಾರ್ಡು, ಹೆರಿಗೆಯಾದ ಆಸ್ಪತ್ರೆಯ ಚೀಟಿ, ಮಗಳು ಆಡುವ ಪದಗಳ ಪಟ್ಟಿ, ಮನೆಯಲ್ಲಿ ಅವಳು ಆಡುವಾಗ ತೆಗೆದ ಒಂದು ಚಿಕ್ಕ ವಿಡಿಯೊ ಇವನ್ನು ತೆಗೆದುಕೊಂಡು ಹೋಗಿ; ಹೊಸ ಜಾಗದಲ್ಲಿ ಮಕ್ಕಳು ಬಾಯಿ ಬಿಡುವುದೇ ಇಲ್ಲ. ಸದ್ದಿಗೆ ಕಿವಿಯ ನರ ಮತ್ತು ಮಿದುಳು ಹೇಗೆ ಸ್ಪಂದಿಸುತ್ತವೆ ಎಂದು ನೋಡುವ ಬೆರಾ ಪರೀಕ್ಷೆ ಮಾಡಬೇಕಾಗಿ ಬಂದರೆ ಮಗು ನಿದ್ದೆಯಲ್ಲಿರಬೇಕಾಗುತ್ತದೆ, ಆದ್ದರಿಂದ ಹಗಲಿನ ನಿದ್ದೆಯನ್ನು ದಾರಿಯಲ್ಲಿ ಮುಗಿಸಿಬಿಡದಂತೆ ನೋಡಿಕೊಳ್ಳಿ.